ಬೆಳಕು ಹಿಡಿದವಳು

ಮಗಳ ಮದುವೆಯ ಫೋಟೋಕ್ಕೆ ಕೊಟ್ಟ ಹಣ, ಅಪ್ಪ ಹನ್ನೊಂದು ಮದುವೆಗೆ ಫೋಟೋ ತೆಗೆದರೆ ಕೈಗೆ ಬರುವಷ್ಟು. ಅಪ್ಪನೇ ಊರಿನ ಹಳೆಯ ಫೋಟೋಗ್ರಾಫರ್. ಹಾಗಿದ್ದೂ ಹೊರಗಿನವರನ್ನು ಕರೆಸಿದ್ದು ಮನೆಯಲ್ಲಿ ಬಾವಿ ಇಟ್ಟುಕೊಂಡು ನೀರು ಕೊಂಡಂತೆ ಎಂದು ನೆಂಟರೆಲ್ಲ ನಕ್ಕರು. ಮಗಳು ಮಾತ್ರ ಪಟ್ಟು ಬಿಡಲಿಲ್ಲ. ಇಪ್ಪತ್ತಾರು ವರ್ಷ ಅಪ್ಪ ಕ್ಯಾಮೆರಾ ಹಿಡಿದರೆ ಅಮ್ಮ ಪಕ್ಕದಲ್ಲಿ ಲೈಟು ಹಿಡಿದವಳು. ಊರಿಗೆಲ್ಲ ಅವಳು ಲೈಟಮ್ಮ. ಮನೆಯಲ್ಲಿ ಟ್ರಂಕು ತುಂಬ ಫೋಟೋ. ಮಗಳು ಹುಟ್ಟಿದ ಮೇಲೆ ತೆಗೆದ ಒಂದರಲ್ಲೂ ಅಮ್ಮನಿಲ್ಲ.

"ನನ್ನ ಮದುವೇಲಾದ್ರೂ ಅಮ್ಮ ಫೋಟೋದ ಒಳಗಿರ್ಬೇಕು. ಅವಳ ಜೊತೆ ನಂಗೊಂದು ಫೋಟೋ ಬೇಕು, ಅಷ್ಟೇ," ಎಂದಿದ್ದಳು ಮಗಳು. ಅವತ್ತು ಲೈಟು ಮುಟ್ಟುವುದಿಲ್ಲವೆಂದು ಲೈಟಮ್ಮನಿಂದ ಮಾತೂ ತೆಗೆದುಕೊಂಡಿದ್ದಳು.

ಮದುವೆಯ ದಿನ ಫೋಟೋ ತೆಗೆಯಲು ಬಂದಾಕೆ ಚುರುಕಿನ ಹುಡುಗಿ, ಏಳು ಲೈಟಿನ ಒಡತಿ. ಒಂದು ಹಿಂದಿನಿಂದ ಮದುಮಗಳ ಕೂದಲಿಗೆ ಹೊಂಬಣ್ಣ ಬಳಿದರೆ, ಇನ್ನೊಂದು ಗೋಡೆಗೆ ನೀಲಿ ಚೆಲ್ಲುತ್ತಿತ್ತು. ಮನೆಯವರನ್ನೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, "ರೆಡಿ, ಎಲ್ಲರೂ ಇಲ್ಲಿ ನೋಡಿ," ಎಂದಳು. ಆ 'ರೆಡಿ' ಕಿವಿಗೆ ಬಿದ್ದದ್ದೇ ತಡ, ಲೈಟಮ್ಮನ ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದವು.

"ಆಂಟಿ, ಎಲ್ಲಿಗೆ ಹೋದ್ರಿ?"

"ಅಯ್ಯೋ, ಮರೆತೇಬಿಟ್ಟೆ ಕಣಮ್ಮ."

ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ಗಂಡ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನಮ್ಮ ಮದುವೆ ದಿನ ಹೀಗೆ ಓಡಿದ್ದಿದ್ರೆ ನಾನು ಬಚಾವಾಗ್ತಿದ್ದೆ!" ಎಂದ. ವೇದಿಕೆಯೆಲ್ಲ ಗೊಳ್ಳೆಂದಿತು. ಕ್ಯಾಮೆರಾ ಕ್ಲಿಕ್ ಎನ್ನುವಷ್ಟರಲ್ಲಿ ಅವಳು ಕೈ ಬಿಡಿಸಿಕೊಂಡು ಈಚೆ ಬಂದಾಗಿತ್ತು.

ಈ ಸಲ ಮಾತ್ರ ಅದು ಅಭ್ಯಾಸಬಲವಲ್ಲ. ತಿರುಗಿದಾಗ ಮಗಳ ಮುಖ ಕಣ್ಣಿಗೆ ಬಿದ್ದಿತ್ತು. ಮಗಳದು ಅಪ್ಪನ ಕಣ್ಣು, ಒಳಕ್ಕೆ ಕೂತದ್ದು. ಮೇಲಿನಿಂದ ಬೆಳಕು ಸುರಿದರೆ ಕಣ್ಣಿದ್ದಲ್ಲಿ ಎರಡು ಕಪ್ಪು ಗುಂಡಿ, ಮೂಗಿನ ಕೆಳಗೊಂದು ನೆರಳು.

"ನಮ್ಮ ಹುಡುಗಿಗೆ ಮೀಸೆ ಬಂತಲ್ಲಮ್ಮ!" ಎಂದಳು ಲೈಟಮ್ಮ.

"ಆಂಟಿ, ಏಳು ಲೈಟ್ ಹಾಕಿದೀನಿ," ಎಂದಳು ಫೋಟೋದ ಹುಡುಗಿ, ಮುಖ ಬಿಗಿದುಕೊಂಡು.

"ಅದೇ ತೊಂದ್ರೆ. ಏಳು ಜನ ಒಟ್ಟಿಗೆ ಮಾತಾಡಿದ್ರೆ ಯಾರ ಮಾತು ಕೇಳುತ್ತೆ? ಎಲ್ಲಾನೂ ಆಫ್ ಮಾಡು. ಇವಳನ್ನ ಆ ಕಿಟಕಿ ಹತ್ರ ಕರ್ಕೊಂಡು ಬಾ."

"ಅಮ್ಮಾ! ಲೈಟ್ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ!"

"ಎಲ್ಲಿ ಮುಟ್ಟಿದೆ? ಆಫ್ ಮಾಡಿಸಿದೆ, ಅಷ್ಟೇ."

ಊಟದ ಮೇಜಿನ ಮೇಲಿದ್ದ ಬಿಳಿ ಬಟ್ಟೆಯೊಂದನ್ನು ಎಳೆದುಕೊಂಡು ಬಂದು, ಕಿಟಕಿಯ ಕೆಳಗೆ ಮಂಡಿಯೂರಿ, ಎರಡೂ ತೋಳು ಚಾಚಿ ಅದನ್ನು ಬಿಗಿಯಾಗಿ ಹಿಡಿದಳು. "ಗದ್ದ ಒಂಚೂರು ಇಳಿಸು. ಸಾಕು." ಬಟ್ಟೆಯ ಮೇಲೆ ಬಿದ್ದ ಬಿಸಿಲು ಕಾಯುವ ಹಾಲಿನಂತೆ ಮೆಲ್ಲಗೆ ಮೇಲೇರಿ ಮಗಳ ಮುಖ ತುಂಬಿತು. ಗುಂಡಿಗಳು ಮಾಯವಾಗಿ ಅಲ್ಲಿ ಕಣ್ಣುಗಳು ಬಂದವು. ಹುಡುಗಿ ಕ್ಲಿಕ್ಕಿಸಿ, ಕ್ಯಾಮೆರಾದ ಹಿಂಬದಿ ನೋಡಿಕೊಂಡಳು. ಇನ್ನೂ ಹತ್ತಿರ ಬಂದು ಮತ್ತೆ ಕ್ಲಿಕ್ಕಿಸಿದಳು.

"ಇದನ್ನ ಎಲ್ಲಿ ಕಲಿತ್ರಿ ಆಂಟಿ?"

"ತೋಳು ನೋಯಿಸ್ಕೊಂಡು ಕಲಿತೆ."

ಯಾರೂ ಕೇಳದಿದ್ದರೂ ಗಂಡ ಹಾಲ್‌ಗೆಲ್ಲ ಕೇಳುವಂತೆ ಹೇಳಿದ: "ಅಂಗಡಿ ಬೋರ್ಡಲ್ಲಿರೋದು ನನ್ನ ಹೆಸರು. ಬೆಳಕು ಮಾತ್ರ ಇವಳದು!" ಅಷ್ಟರಲ್ಲಿ ನೆಂಟರು ಊಟ ಮುಗಿಸಿ ವೇದಿಕೆಗೆ ನುಗ್ಗಿದರು. ಅಮ್ಮ ಮಗಳ ಫೋಟೋ ತೆಗೆಯದೆ ಹಾಗೇ ಉಳಿದುಹೋಯಿತು.

ತಿಂಗಳಾದ ಮೇಲೆ ಹುಡುಗಿ ಲ್ಯಾಪ್‌ಟಾಪ್ ಹೊತ್ತು ಅಪ್ಪನ ಸ್ಟುಡಿಯೋಗೆ ಬಂದಳು. ಮಗಳೂ ಓಡಿಬಂದಿದ್ದಳು. ವೇದಿಕೆಯ ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ. ಅಂಚಿನಲ್ಲಿ ಯಾರದೋ ಒಂದು ಮೊಣಕೈ.

"ನೋಡಿ, ಅಮ್ಮನ ಮೊಣಕೈ!" ಮಗಳು ಪರದೆಗೆ ಬೆರಳಿಟ್ಟು ತೋರಿಸಿದಳು. "ಅಷ್ಟು ದುಡ್ಡು ಸುರಿದು ಸಿಕ್ಕಿದ್ದು ಒಂದು ಮೊಣಕೈ!"

"ಸ್ವಲ್ಪ ತಾಳಿ ಅಕ್ಕ," ಎಂದ ಹುಡುಗಿ ಕಿಟಕಿಯ ಹತ್ತಿರ ತೆಗೆದ ಚಿತ್ರವನ್ನು ತೆರೆದು ದೊಡ್ಡದು ಮಾಡುತ್ತ ಹೋದಳು. ಪರದೆ ತುಂಬ ಮಗಳ ಮುಖ. ಆಮೇಲೆ ಒಂದೇ ಕಣ್ಣು. ಆಮೇಲೆ ಕಣ್ಣಿನ ಕಪ್ಪಿನ ಮೇಲೆ ಹೊಳೆಯುವ ಬಿಳಿ ಚುಕ್ಕೆ. ಚುಕ್ಕೆಯೊಳಗೆ ಒಂದು ಕಿಟಕಿ. ಕಿಟಕಿಯ ಮುಂದೆ ಎರಡೂ ತೋಳು ಚಾಚಿ ಮಂಡಿಯೂರಿದ ಪುಟ್ಟ ಹೆಂಗಸು.

ಗಂಡ ಪರದೆಗೆ ಮೂಗು ತಾಗಿಸಿ ನೋಡಿದ. "ಹಾಗಾದ್ರೆ ಇಷ್ಟು ವರ್ಷ ನಾನು ತೆಗೆದ ಮದುವೆ ಹೆಣ್ಣುಗಳ ಕಣ್ಣಲ್ಲೆಲ್ಲ ನೀನೇ ಕೂತಿದೀಯಲ್ಲೇ!"

ಲೈಟಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. "ಎಡಗೈ ಒಂದು ಬೆರಳಷ್ಟು ಇಳಿದಿದೆ ಕಣ್ರೀ," ಎಂದಳು. ಕನ್ನಡಕ ಮಾತ್ರ ತೆಗೆಯಲಿಲ್ಲ.

ಹೋದದ್ದು ಹನ್ನೊಂದು ಮದುವೆಯ ದುಡಿಮೆ. ಸಿಕ್ಕಿದ್ದು ಅಮ್ಮ ಮಗಳ ಒಂದು ಫೋಟೋ. ಅದರಲ್ಲಿ ಅಮ್ಮ ಸಾಸಿವೆ ಕಾಳಿನಷ್ಟು.