ವಾಂಡಾ ಕೂತಿದ್ದ ಮೆಟ್ಟಿಲು

ಮಿರಾಮಾರೆ ಅರಮನೆಯ ಮೆಟ್ಟಿಲುಗಳ ಮೇಲೆ ಲಿವಿಯೊ ಆ ದಿನ ಮೂರನೆಯ ಸಲ ವಾಂಡಾಳ ಹೆಸರೆತ್ತಿದ.

"ಇದೇ ಮೆಟ್ಟಿಲ ಮೇಲೆ ಕೂತ್ಕೊಂಡು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಂಡಿದ್ಲು ವಾಂಡಾ. ಸಮುದ್ರ ಅವತ್ತೂ ಇಷ್ಟೇ ನೀಲಿ ಇತ್ತು."

"ಹಾಗಾದ್ರೆ ನಾನು ಪಕ್ಕದ ಮೆಟ್ಟಿಲ ಮೇಲೆ ಕೂರ್ತೀನಿ," ಎಂದಳು ನೆರೀನಾ. "ಪಾಪ, ಅವಳಿಗೆ ಇಕ್ಕಟ್ಟಾಗಬಾರದು."

ವಾಂಡಾ ಲಿವಿಯೊನ ಮೊದಲ ಹೆಂಡತಿ. ತೀರಿಕೊಂಡು ಆರು ವರ್ಷವಾಗಿತ್ತು. ನೆರೀನಾಳನ್ನು ಅವನು ಮದುವೆಯಾಗಿ ನಾಲ್ಕು ತಿಂಗಳು. ಅರವತ್ತೇಳರ ಮದುಮಗ, ಅರವತ್ತಮೂರರ ಮದುಮಗಳು ಇಬ್ಬರೂ ತಮ್ಮೂರು ಉದಿನೆಯಿಂದ ಬೆಳಗಿನ ರೈಲು ಹಿಡಿದು ಕಡಲತೀರದ ತ್ರಿಯೆಸ್ತೆ ನೋಡಲು ಬಂದಿದ್ದರು. ರೈಲಿನ ಕಿಟಕಿಯಲ್ಲಿ ಕಡಲು ಕಂಡಾಗ ಒಮ್ಮೆ, ದೊಡ್ಡ ಚೌಕದ ಕಾಫಿ ಅಂಗಡಿಯಲ್ಲಿ ಒಮ್ಮೆ ವಾಂಡಾ ಬಂದು ಹೋಗಿದ್ದಳು. ಈಗ ಇಲ್ಲಿ.

ಲಿವಿಯೊ ನಾಲಿಗೆ ಕಚ್ಚಿಕೊಂಡ. "ಇನ್ನು ಬಾಯಿ ಬಿಟ್ರೆ ಕೇಳು," ಎಂದ. ಮಾತಿಗೆ ತಪ್ಪಲಿಲ್ಲ. ಅರಮನೆಯ ತೋಟವನ್ನೆಲ್ಲ ಸುತ್ತಿದರೂ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಒಂದು ಬೆಂಚಿನ ಹತ್ತಿರ ಅವನಷ್ಟಕ್ಕೆ ಅವನೇ ನಕ್ಕ. ಕಾರಂಜಿಯ ಬಳಿ ಮುಖ ಬೇರೆ ಕಡೆ ತಿರುಗಿಸಿಕೊಂಡ. ಅಂಥ ನಗು ಈ ನಾಲ್ಕು ತಿಂಗಳಲ್ಲಿ ತನ್ನ ಪಾಲಿಗೆ ಒಮ್ಮೆಯೂ ಬಂದಿಲ್ಲವಲ್ಲ ಎಂದುಕೊಂಡಳು ನೆರೀನಾ.

"ಮಾತಾಡು ಮಾರಾಯ," ಎಂದಳು. "ನೀನು ಸುಮ್ಮನಿದ್ರೆ ಅವಳು ಇನ್ನೂ ಜೋರಾಗಿ ಮಾತಾಡ್ತಾಳೆ."

ಮಧ್ಯಾಹ್ನ ಊರೊಳಕ್ಕೆ ಬಂದು, ಕಡಲೊಳಗೆ ನೇರವಾಗಿ ಚಾಚಿಕೊಂಡ ಕಲ್ಲುಗಟ್ಟೆಯ ಮೇಲೆ ನಡೆದರು. ಅರ್ಧ ದಾರಿಯಲ್ಲಿ, ದೋಣಿಗಳ ಹಗ್ಗ ಬಿಗಿಯುವ ಕಬ್ಬಿಣದ ಗೂಟವೊಂದರ ಹತ್ತಿರ ನೆರೀನಾ ನಿಂತಳು. ಗೂಟದ ಮೇಲೆ ಕೈಯಿಟ್ಟವಳು ಅಲ್ಲಿಂದ ಕದಲಲಿಲ್ಲ.

"ಅಳ್ತಾ ಇದ್ದೀಯಾ?"

"ಇಲ್ಲಪ್ಪಾ. ಗಾಳಿ ಕಣ್ಣಿಗೆ ಹೊಡೀತು."

"ಗಾಳಿ ಬೆನ್ನಿನ ಕಡೆಯಿಂದ ಬೀಸ್ತಿದೆ, ನೆರೀನಾ."

ಸಿಕ್ಕಿಬಿದ್ದಳು. "ಏಟ್ಸಿಯೊ ನನ್ನ ಕೇಳಿದ್ದು ಇಲ್ಲೇ," ಎಂದಳು. ಏಟ್ಸಿಯೊ ಅವಳ ಮೊದಲ ಗಂಡ. ಅವನು ಹೋಗಿ ಒಂಬತ್ತು ವರ್ಷವಾಗಿತ್ತು. "ಚಳಿಗಾಲದ ಬೋರಾ ಗಾಳಿ ನಿನಗೆ ಗೊತ್ತಲ್ಲ. ಅವನು ಏನು ಹೇಳಿದ್ರೂ ನಂಗೆ ಕೇಳಿಸ್ಲಿಲ್ಲ. ಮೂರು ಸಲ ಕಿರುಚಿದ. ಇಲ್ಲಿ ಹಗ್ಗ ಕಟ್ತಿದ್ದ ದೋಣಿಯವನೊಬ್ಬ ನನ್ನ ಕಿವಿ ಹತ್ರ ಬಂದು, 'ಮದುವೆ ಆಗ್ತೀಯಾ ಅಂತ ಕೇಳ್ತಿದ್ದಾನೆ ಕಣಮ್ಮಾ' ಅಂದ. ನಾನು ಹೂಂ ಅಂದಿದ್ದೂ ಆ ದೋಣಿಯವನಿಗೇ."

ಲಿವಿಯೊ ನಕ್ಕ. ನಗು ಮುಗಿಯುವ ಮೊದಲೇ ಅವನ ಮುಖ ಸಣ್ಣದಾಯಿತು.

"ಬೆಳಿಗ್ಗೆಯಿಂದ ನನ್ನ ಕಾಲೆಳೀತಾ ಇದ್ದೀಯಲ್ಲ! ನಿನ್ನ ಜೊತೆಗೂ ಒಬ್ಬ ಬಂದಿದ್ದಾನೆ!"

"ನಾನು ಸದ್ದಿಲ್ಲದೆ ಕರ್ಕೊಂಡು ಬಂದಿದ್ದೆ. ನೀನು ಹೆಜ್ಜೆಹೆಜ್ಜೆಗೂ ಪರಿಚಯ ಮಾಡಿಸ್ತಿದ್ದೆ."

ಲಿವಿಯೊ ಜೇಬಿಗೆ ಕೈ ಹಾಕಿಕೊಂಡು ಒಬ್ಬನೇ ಕಟ್ಟೆಯ ತುದಿಯವರೆಗೂ ಹೋದ. ನೆರೀನಾ ಕರೆಯಲಿಲ್ಲ. ಆಮೇಲೆ ಅವನೇ ತಿರುಗಿ ಬಂದ.

"ನಾವಿಬ್ರೇ ಇರೋ ಜಾಗ ಈ ಊರಲ್ಲಿ ಒಂದಾದ್ರೂ ಇರಬೇಕಲ್ವಾ?"

ಮೊದಲು ಸಿಕ್ಕಿದ ಬಸ್ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದರು. ಬಂದರಿನ ಹಿಂಭಾಗ. ಉದ್ದಕ್ಕೂ ಬಣ್ಣ ಕಳೆದುಕೊಂಡ ಗೋಡೆ, ಬಾಗಿಲು ಮುಚ್ಚಿದ ಟಯರ್ ಅಂಗಡಿ, ಹೊರಗೆ ಪ್ಲಾಸ್ಟಿಕ್ ಮೇಜು ಹಾಕಿದ್ದ ಒಂದು ಸಣ್ಣ ಖಾನಾವಳಿ. ಎರಡು ಗೋದಾಮುಗಳ ನಡುವಿನ ಸಂದಿಯಲ್ಲಿ ಕಡಲು ಗೇಣಗಲ ಕಾಣುತ್ತಿತ್ತು.

"ಏಟ್ಸಿಯೊ?" ಎಂದು ಹುಬ್ಬು ಹಾರಿಸಿದ ಲಿವಿಯೊ.

"ಇತ್ತ ತಲೆ ಹಾಕಿಯೂ ಮಲಗಿಲ್ಲ. ವಾಂಡಾ?"

"ಇಂಥ ಕಡೆ ಕರ್ಕೊಂಡು ಬಂದಿದ್ರೆ ನನ್ನನ್ನ ಇಲ್ಲೇ ಬಿಟ್ಟು ಹೋಗ್ತಿದ್ಲು."

ಖಾನಾವಳಿಯ ದಪ್ಪನೆಯ ಯಜಮಾನಿ ಒಂದು ತಟ್ಟೆ ತುಂಬ ಹುರಿದ ಬೂತಾಯಿ ಮೀನು, ಬಿಳಿ ವೈನ್ ತಂದಿಟ್ಟಳು. ಇಬ್ಬರೂ ಕೈಯಲ್ಲೇ ತಿಂದರು. ಮುಳ್ಳು ಬಿಡಿಸಿದ ಮೀನನ್ನು ನೆರೀನಾ ಅವನ ಕಡೆಗೆ ಸರಿಸಿದಳು. ಲಿವಿಯೊನ ಉತ್ಸಾಹ ಮರಳಿತು. ಅಡುಗೆಮನೆಗೆ ಯಾವ ಬಣ್ಣ ಹೊಡೆಸೋಣ, ಮುಂದಿನ ಬೇಸಿಗೆಗೆ ಎಲ್ಲಿಗೆ ಹೋಗೋಣ ಎಂದು ಬಾಯಿ ತುಂಬ ಮೀನಿಟ್ಟುಕೊಂಡೇ ಮಾತಾಡುತ್ತಿದ್ದವನು ಕೈ ಚಾಚಿ, "ವಾಂಡಾ, ಉಪ್ಪು ಕೊಡು," ಎಂದ.

ಚಾಚಿದ ಕೈ ಅಲ್ಲೇ ನಿಂತಿತು. ಲಿವಿಯೊನ ಮುಖ ಕಿವಿಯವರೆಗೂ ಕೆಂಪಾಯಿತು.

ನೆರೀನಾ ಆ ಕೈ ನೋಡಿದಳು. ಎಣ್ಣೆ ಮೆತ್ತಿದ ಕೈ. ಉಪ್ಪಿನ ಡಬ್ಬಿ ಎತ್ತಿ ಅದರಲ್ಲಿಟ್ಟಳು.

"ತಗೋ, ಏಟ್ಸಿಯೊ."

ಲಿವಿಯೊನಿಗೆ ನಗು ಉಕ್ಕಿ ಮೀನು ಗಂಟಲಿಗೆ ಸಿಕ್ಕಿತು. ಕೆಮ್ಮಿದ, ಕಣ್ಣಲ್ಲಿ ನೀರು ಸುರಿಯಿತು. ನೆರೀನಾ ತಾನೂ ನಗುತ್ತಲೇ ಎದ್ದು ಅವನ ಬೆನ್ನು ಗುದ್ದಿದಳು. ಬಾಗಿಲಲ್ಲೇ ನಿಂತು ಅವರ ಮಾತು ಕೇಳಿಸಿಕೊಂಡಿದ್ದ ಯಜಮಾನಿ ನೀರು ಹಿಡಿದು ಓಡಿಬಂದಳು.

"ಕುಡೀರಿ ಏಟ್ಸಿಯೊ, ನಿಧಾನ. ವಾಂಡಾ ಅವರೇ, ಇವರು ಯಾವಾಗಲೂ ಹೀಗೇನಾ?"

ಇಬ್ಬರೂ ತಿದ್ದಲಿಲ್ಲ.

"ಯಾವಾಗಲೂ ಹೀಗೇ," ಎಂದಳು ನೆರೀನಾ.

"ಕಾಫಿ ತರಲಾ?"

"ತನ್ನಿ. ನಾಲ್ಕು ಬೇಡ, ಎರಡೇ ಸಾಕು."

ಯಜಮಾನಿ ಅವಳ ಮುಖ ನೋಡಿದಳು. ಮೇಜಿನ ಆಚೆ ಬದಿಯ ಎರಡು ಖಾಲಿ ಕುರ್ಚಿಗಳನ್ನೂ ಒಮ್ಮೆ ನೋಡಿ, ಏನೂ ತೋಚದೆ ಒಳಗೆ ಹೋದಳು.