ಚೆಂಡು ಯಾರದು?

ಚೆಂಡು ಎದೆಗೆ ಬಂದು ಬಡಿದದ್ದೇ ತಡ, ಈನಾಕ್ ಸಗ್ಡನ್ ಅದನ್ನು ಬಾಚಿ ತಬ್ಬಿಕೊಂಡು ಓಡಿದ. ರಗ್ಬಿಯಲ್ಲಿ ರೆಫ್ರಿ ಚೆಂಡು ಮುಟ್ಟುವಂತಿಲ್ಲ. ಆದರೆ ಇದೇ ಕ್ರಾಗ್ಲಿ ಮೈದಾನದ ಎಡ ಅಂಚಿನಲ್ಲಿ ವರ್ಷಗಟ್ಟಲೆ ಓಡಿದ ಕಾಲುಗಳಿಗೆ, ಅವನು ಈಗ ರೆಫ್ರಿ ಎಂಬುದು ನೆನಪಾಗಲಿಲ್ಲ.

"ನಿಮ್ಮೂರಿನ ತಂಡದ ಕಡೆ ವಾಲಿದ್ಯೋ, ಸೀಟಿ ಕಿತ್ಕೋತೀವಿ" ಎಂದು ಪಂದ್ಯ ನಡೆಸುವ ನಾರ್ದರ್ನ್ ಯೂನಿಯನ್ನಿನವರು ಬೆಳಿಗ್ಗೆಯೇ ಗದರಿಸಿದ್ದರು. ಈಗ ಪಂದ್ಯ ಮುಗಿಯುವ ಹೊತ್ತು. ಕ್ರಾಗ್ಲಿ ಎರಡೇ ಅಂಕ ಹಿಂದಿತ್ತು. ಈನಾಕ್ ತಾನು ಆಡುತ್ತಿದ್ದ ಕಾಲದಂತೆಯೇ ಕಾಲುವೆ ಕಡೆಯ ಇಳಿಜಾರು ಹಿಡಿದಿದ್ದ. ಹಿಂದೆ ಎರಡೂ ತಂಡದವರು ಓಡಿಬರುತ್ತಿದ್ದರು, ಆದರೆ ರೆಫ್ರಿಯನ್ನು ಕೆಡವಬಹುದೋ ಬಾರದೋ ಒಬ್ಬರಿಗೂ ಗೊತ್ತಿರಲಿಲ್ಲ. ಬೇಲಿಯಾಚೆ ಗಣಿ ಕೆಲಸದವರು ಟೋಪಿ ಬೀಸಿ ಬೀಸಿ ಕಿರುಚುತ್ತಿದ್ದರು: "ಆ ಕಡೆ ಅಲ್ವೋ ಈನಾಕ್! ತಿರುಗೋ, ತಿರುಗೋ!"

ಯಾಕೆ ತಿರುಗಬೇಕು? ಚೆಂಡು ಊರಿ ಅಂಕ ಗಳಿಸುವ ಗೆರೆ ಎದುರಿಗೇ ಇತ್ತು. ಇನ್ನೊಂದು ನೆಗೆತಕ್ಕೆ ದಾಟುತ್ತಿದ್ದ. ಅಷ್ಟರಲ್ಲಿ ಕೊರಳಿನ ಸೀಟಿ ಎಗರಿ ಹಲ್ಲಿಗೆ ಬಡಿಯಿತು. ಈನಾಕ್ ನಿಂತುಬಿಟ್ಟ.

ಅವನ ಹಳೆಯ ಜೊತೆಗಾರ, ಕ್ರಾಗ್ಲಿಯ ನಾಯಕ ಜೋನಸ್, ಏದುಸಿರು ಬಿಡುತ್ತಾ ಬಂದ. "ಅರ್ಧ ಆಟಕ್ಕೇ ಬದಿ ಬದಲಾಯ್ತಲ್ಲೋ ಮಾರಾಯ. ನಮ್ಮ ಗೆರೆಗೇ ನುಗ್ತಿದ್ಯಲ್ಲ!"

ಎದುರಾಳಿ ನಾಯಕ ಸೊಂಟದ ಮೇಲೆ ಕೈಯಿಟ್ಟು ಕೇಳಿದ: "ಅದಿರ್ಲಿ ರೆಫ್ರಿ ಸಾಹೇಬ್ರೇ, ಈಗ ಚೆಂಡು ಯಾರ್ದು, ಹೇಳಿ."

ಈನಾಕ್ ಇಬ್ಬರ ಮುಖವನ್ನೂ ನೋಡಿದ. ಕೆಸರಾದ ಚೆಂಡನ್ನು ಇನ್ನಷ್ಟು ಬಿಗಿಯಾಗಿ ಎದೆಗೊತ್ತಿಕೊಂಡ.

"ನಂದು" ಎಂದ.