ಮಕ್ಕಳಿಗೆ ತಿಳಿಯದ ಮಾತು

ಬೆಳಿಗ್ಗೆ ಲಹ್ಸೆನ್ ಕತ್ತಿ ಮಸೆದುಕೊಂಡು ಹಿತ್ತಲಿಗೆ ಬಂದಾಗ ಗೂಟದಲ್ಲಿ ಮೇಕೆಮರಿ ಇರಲಿಲ್ಲ. ಮೂರು ವರ್ಷದ ಮೇಲೆ ಅವನ ಅಣ್ಣ ಅಂದು ಮಧ್ಯಾಹ್ನದ ಊಟಕ್ಕೆ ಬರುವವನಿದ್ದ.

ಏಳು ವರ್ಷದ ಮಗಳು ತೂರಿಯಾ ಅಂಗಳದಲ್ಲಿ ಕೂತು ಖರ್ಜೂರ ತಿನ್ನುತ್ತಿದ್ದಳು. ಸೀಸೆಯಲ್ಲಿ ಹಾಲು ಕುಡಿಸಿ ಆ ಮರಿಯನ್ನು ಸಾಕಿದವಳು ಅವಳೇ.

“ಮರಿ ಎಲ್ಲಮ್ಮ?” ಲಹ್ಸೆನ್ ಅರಬ್ಬಿಯಲ್ಲಿ ಕೇಳಿದ.

“ಗೊತ್ತಿಲ್ಲಪ್ಪ. ಓಡಿಹೋಯ್ತೇನೋ.”

ಹಿಟ್ಟು ನಾದುತ್ತಿದ್ದ ಹೆಂಡತಿ ಯಾಮ್ನಾಳ ಕೈ ನಿಂತಿತು. ನಿನ್ನೆ ಊಟದ ಹೊತ್ತಿಗೆ ಗಂಡನಿಗೆ ಅವಳು ಹೇಳಿಕೊಟ್ಟದ್ದೂ ಇದನ್ನೇ: ಮಗಳು ಏಳುವ ಮೊದಲೇ ಕೊಯ್ದುಬಿಡಿ, ಓಡಿಹೋಯ್ತು ಅಂದರಾಯಿತು. ಮಗಳ ಎದುರಿಗೇ ಹೇಳಿದ್ದಳು, ಆದರೆ ಊರಿನ ಹಳೆಯ ಭಾಷೆಯಾದ ಕೊರಂಜೆಯಲ್ಲಿ. ಶಾಲೆಯಲ್ಲಿ ಹಿಂದೆ ಬಿದ್ದಾರೆಂದು ತಬೆಲ್ಬಲ ಊರಿನಲ್ಲಿ ಮಕ್ಕಳ ಜೊತೆ ಯಾರೂ ಅದನ್ನು ಆಡುತ್ತಿರಲಿಲ್ಲ. ದೊಡ್ಡವರ ಗುಟ್ಟಿಗೆ, ಜಗಳಕ್ಕೆ ಮಾತ್ರ ಅದು ಉಳಿದಿತ್ತು.

ಯಾಮ್ನಾ ಅತ್ತೆಯ ಕಡೆ ನೋಡಿದಳು. ಅವರು ತಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಒಳಗಿನಿಂದ ಸಣ್ಣಗೆ ‘ಮ್ಯಾ’ ಎಂದು ಕೇಳಿತು. ಅತ್ತೆಗೆ ಜೋರಾಗಿ ಕೆಮ್ಮು ಬಂತು.

ಯಾಮ್ನಾ ಗಂಡನತ್ತ ತಿರುಗಿ ಕೊರಂಜೆಯಲ್ಲೇ, ತುಸು ಗಟ್ಟಿಯಾಗಿ ಹೇಳಿದಳು: “ಹೋಗ್ಲಿ ಬಿಡಿ. ಎಳೇ ಹುಂಜ ಇದೆಯಲ್ಲ.”

“ಅಣ್ಣ ಬಂದಾಗ ಹುಂಜಾನಾ? ನಾನು ಮುಖ ಎಲ್ಲಿಟ್ಕೊಳ್ಲಿ?”

“ಅವನ ಬಾಯಲ್ಲಿ ಎಷ್ಟು ಹಲ್ಲು ಉಳಿದಿದೆ ನೋಡಿದ್ದೀಯೇನೋ?” ಎಂದರು ಅತ್ತೆ, ಅವರೂ ಕೊರಂಜೆಯಲ್ಲೇ. “ಹೆತ್ತೋಳು ಹೇಳ್ತಿದ್ದೀನಿ. ಮೇಕೆ ಮಾಡಿದ್ರೆ ಬರೀ ಸಾರು ಕುಡಿದು ಏಳ್ತಾನೆ. ಆಗ ನಿನ್ನ ಮರ್ಯಾದೆ ಹೋಗುತ್ತೆ.”

ಲಹ್ಸೆನ್ ಗಡ್ಡ ಕೆರೆದುಕೊಂಡ. “ಆಯ್ತು, ಹುಂಜಾನೇ ಕೊಯ್ಯೋಣ.”

“ಮರಿ ಸಿಕ್ಕಿದ್ರೂ ಕೊಯ್ಯಲ್ಲ ಅಂತ ಮಾತು ಕೊಡಿ.”

“ಯಾರಿಗೆ ಕೊಡ್ಲೇ ಮಾತು? ಕೇಳೋರು ಯಾರಿದ್ದಾರೆ ಇಲ್ಲಿ?”

“ನನಗೇ ಕೊಡಿ.”

“ಸರಿ, ಕೊಟ್ಟೆ.”

ಯಾಮ್ನಾ ತಿರುಗಿ ನೋಡಿದರೆ ಮಗಳು ಕೂತಿದ್ದಲ್ಲಿ ಖರ್ಜೂರದ ಬೀಜಗಳಷ್ಟೇ ಬಿದ್ದಿದ್ದವು. ಕೋಳಿಗೂಡಿನ ಕಡೆ ರೆಕ್ಕೆ ಬಡಿದಾಡುವ ಸದ್ದು. ಸ್ವಲ್ಪ ಹೊತ್ತಿಗೆ ತೂರಿಯಾ ಹುಂಜವನ್ನು ತಲೆಕೆಳಗಾಗಿ ಹಿಡಿದು ತಂದು ಅಪ್ಪನ ಮುಂದೆ ನಿಂತಳು. ಶಾಲೆಯಲ್ಲಿ ಕಲಿಸಿದ ಹಾಗೆ, ಅಚ್ಚುಕಟ್ಟಾದ ಅರಬ್ಬಿಯಲ್ಲಿ ಹೇಳಿದಳು:

“ಹಿಡ್ಕೋಪ್ಪ. ಮರಿ ಸಿಕ್ಕಿದ್ರೆ ನಾನೇ ಬಂದು ಹೇಳ್ತೀನಿ.”